ಬೆಳಗಿನ ಮೊಳಕಾಲು

ನೋವಿಗೆ ಹೊತ್ತುಗೊತ್ತು ಇರಂಗಿಲ್ಲ ಅಂತಾರ.
ನಮ್ಮ ದಾಕ್ಷಿ ನೋವಿಗೆ ಐತಿ.
ಆರಕ್ಕ ನಳದ ಜೋಡಿ ಬಂದು
ಹತ್ತರ ಸುಮಾರಿಗೆ ನಳದ ಜೋಡಿನ ಹೋಗಿಬಿಡತೈತಿ.

ಎದ್ದಾಗ ಗ್ವಾಡಿ ಹಿಡದು ಕುಂಟತಾಳ.
ಅಂಗಿ ಗುಂಡಿ ತಮ್ಮ ಹಾಕತಾನ,
ಐದು ವರ್ಷದಾಂವ, ಏಳು ವರ್ಷದಾಕಿಗೆ.
ಮಧ್ಯಾಹ್ನ ನೋಡಿದ್ರ ಬೈನಾದ ಓಣ್ಯಾಗ
ಕುಂಟಾಬಿಲ್ಲಿ ಆಡತಾಳ.

ಸಾಲಿ ಬಾಯಾರು ಅಂದ್ರು, ನೆವ.
ಅವರಪ್ಪ ಅಂದ, ಬೆಳಿಯೂ ಎಲುಬು ಹಂಗ.
ಅತ್ತಿ ದೃಷ್ಟಿ ತಗದ್ಳು,
ಉಪ್ಪು ಮೆಣಸಿನಕಾಯಿ ಚಟಪಟ ಅಂದವು.
ನಾನು?
ನಾನೂ ಒಂದು ದಿನ ಬಡದೆ.
ಮುಚ್ಚಿಡಂಗಿಲ್ಲ ಅದನ್ನ.

ಬಾಂಬೋಳಿ ದವಾಖಾನಿಗೆ ಎರಡು ಸಲ ಹೋದ್ವಿ.
ನಂಬರ್ ಬರೂದು ಒಂದಕ್ಕ,
ಅಷ್ಟೊತ್ತಿಗೆ ನೋವು ತನ್ನ ಮನಿಗೆ ಹೋಗಿರತಿತ್ತು.
"ಖಂಯ್ ದುಖ್ತಾ?" ಎಲ್ಲಿ ನೋವು, ಅಂದ ಸಣ್ಣ ಡಾಕ್ಟರು.
ದಾಕ್ಷಿ ಕೈಕಾಲೆಲ್ಲಾ ಹುಡುಕಿದ್ಳು
ಕಳಕೊಂಡ ಬಳಿ ಹುಡುಕಿದಂಗ.
ಸಿಗಲಿಲ್ಲ.
ಗುಲಾಬಿ ಔಷಧ ಬರಕೊಟ್ಟ.

ಮೂರನೇ ಸಲ ಕಡೀ ಬಸ್ಸಿಗೆ ಹೋಗಿ
ಓಪಿಡಿ ಪಡಸಾಲ್ಯಾಗ ಚಾದರ ಹಾಸಿ ಮಲಗಿಸಿದೆ.
ನೋವು ಇಲ್ಲೇ ಬರಲಿ,
ತಾನ ಸಾಕ್ಷಿ ಹೇಳಲಿ.

ಎಂಟಕ್ಕ ಬಂದ ಲೂರ್ದಿನ್ ಡಾಕ್ಟರಬಾಯಿ
ಬಾಕಿನಿಂದ ಇಳಿಯಾಕ ಒದ್ದಾಡೂ ಹುಡುಗಿನ್ನ ಕಂಡು
ಕೈಯಾಗಿನ ಚಾ ಹಿಡಕೊಂಡ ನಿಂತ್ರು.
"ಕೆನ್ನಾ ದುಖ್ತಾ?"
ಎಲ್ಲಿ ಅಂತಲ್ಲ. ಯಾವಾಗ ಅಂತ.
ಆರು ತಿಂಗಳಾಗಿತ್ತು, ಯಾರೂ ಕೇಳಿರಲಿಲ್ಲ.

ಗಂಟಲ ಬ್ಯಾನಿ ಬಂದಿತ್ತೇನು? ಜ್ವರ?
ಇವತ್ತು ಮೊಳಕಾಲು, ನಾಳೆ ಮೊಳಕೈ, ಹಂಗ ಜಿಗೀತೈತೇನು?
ನಡುರಾತ್ರಿ ಅಳಸತೈತೇನು? ಸೊರಗ್ಯಾಳೇನು?
ನಾ ಇಲ್ಲ ಅಂದಂಗೆಲ್ಲಾ
ಹೆಸರು ಗೊತ್ತಿಲ್ಲದ್ದೊಂದು
ಬಾಗಿಲ ಮುಂದಿನಿಂದ ದಾಟಿ ಹೋದಂಗ ಆತು.

ಆಮ್ಯಾಲೆ ನನ್ನ ಕೈ ಹಿಡದು
ಎರಡೂ ಮೊಳಕಾಲ ಮ್ಯಾಲೆ ಇಡಿಸಿದ್ರು.
ಎಡಗಡೆದು ಬಿಸಿ, ದಪ್ಪ.
ದಿನಾ ಹಂಚು ಕಾದದ್ದು ನೋಡೂ ಕೈ ಇದು,
ಇದನ್ನ ನೋಡಿರಲಿಲ್ಲ.

ರಕ್ತ ತಗೊಂಡ್ರು. ಕೀಲಿನ ಬಾವು ಅಂದ್ರು,
ಔಷಧ ಐತಿ, ಭಾಳ ದಿನ ತಗೋಬೇಕು.
ಕಣ್ಣಿನ ವಾರ್ಡಿಗೂ ಒಂದು ಚೀಟಿ.
ಮೊಳಕಾಲಿಗೆ ಕಣ್ಣ್ಯಾಕ್ರೀ ಬಾಯಿ?
ಅಲ್ಲಿ ಬಂದ್ರ ನೋವ ಆಗಂಗಿಲ್ಲ ಅಂತ,
ಅದಕ್ಕ ನೋಡಬೇಕು ಅಂತ.

ಸಣ್ಣ ದೀಪದ ಮುಂದ ಗದ್ದ ಇಟ್ಟು
ರೆಪ್ಪಿ ಬಡೀದ ದಾಕ್ಷಿ ಅಂದ್ಳು:
ಯವ್ವಾ, ಸಾಲಿ ಬಾಯಾರಿಗೂ
ಒಂದು ಚೀಟಿ ಬರಸ್ಕೋ.