ಹದಿನೇಳನೇ ಕಲ್ಲು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದಾಟಿ
ಚಿಂತಾಮಣಿ ರಸ್ತೆಗೆ ಹೊರಳುವ ಮುಂಚೆ
ಒಂದು ಕಬ್ಬಿಣದ ಗೇಟು. ಬೀಗವಿಲ್ಲ, ಸೈಕಲ್ ಚೈನು.
ಸಾಲೊಮನ್ ಪಿಳ್ಳಪ್ಪನಿಗೆ ಫೋನು ಮಾಡಿದರೆ
ಊಟ ಮುಗಿಸಿ ಬರುತ್ತಾನೆ, ಕೈ ಒರೆಸಿಕೊಳ್ಳುತ್ತ.
‘ಗೋರಿ ನೋಡಕ್ಕೆ ಬಂದ್ರಾ, ದೆವ್ವ ನೋಡಕ್ಕಾ?
ದೆವ್ವ ಇಲ್ಲಿರಲ್ಲಮ್ಮ. ಅದು ಡ್ಯೂಟಿ ಮೇಲೆ ಹೋಗಿರ್ತದೆ.’

ಒಳಗೆ ರೆಕ್ಕೆಯ ದೇವದೂತರಿಲ್ಲ, ನಿಂತ ಶಿಲುಬೆಯಿಲ್ಲ.
ಮೂವತ್ತೊಂದು ಚಪ್ಪಡಿ, ಎಲ್ಲ ಮಲಗಿದವು, ಎಲ್ಲ ಒಂದೇ ಅಳತೆ,
ಗಂಡಸರು ಆಚೆ, ಹೆಂಗಸರು ಈಚೆ,
ಗಂಡ ಹೆಂಡತಿಯ ನಡುವೆಯೂ ಕಾಲುಹಾದಿ.
ಮೊರೇವಿಯದವರ ಪದ್ಧತಿಯಂತೆ:
ಸತ್ತ ಮೇಲೆ ಯಾರೂ ಯಾರಿಗಿಂತ ಎತ್ತರವಲ್ಲ.
ಮಟ್ಟಸವಾದ ಕಲ್ಲು ಕಂಡರೆ ಊರು ಸುಮ್ಮನಿರುತ್ತದೆಯೆ?
ಒಂಬತ್ತರ ಮೇಲೆ ಹುಣಸೆಹಣ್ಣು,
ಹನ್ನೆರಡರ ಮೇಲೆ ಯಾರದೋ ಇಸ್ಕೂಲಿನ ಲಂಗ,
ಗೋಡೆಗೆ ಒರಗಿ ಒಣಗುವ ಚಂದ್ರಂಕಿಗಳು.

ಅಮ್ಮಿ ಹೇಳುತ್ತಿದ್ದಳು:
ಬೇರೆ ಊರುಗಳಲ್ಲಿ ಬಾಗಿಲಿಗೆ ಸುಣ್ಣದಲ್ಲಿ
‘ನಾಳೆ ಬಾ’ ಎಂದು ಬರೆದು ಬದುಕಿಕೊಂಡರು.
ನಮ್ಮ ಬೀದಿಯಲ್ಲಿ ಹಾಗೆ ಬರೆದದ್ದು ಒಂದೇ ಮನೆ.
ರೋಸ್ನಮ್ಮ ಓದಿಕೊಂಡು, ಮಾತು ಮೀರದೆ, ನಾಳೆಯೇ ಬಂದಳು.
ಮಗು ಅಲ್ಲಿಯವರೆಗೆ ಕಾಯಲಿಲ್ಲ.

ಅಂದಿನಿಂದ ಬಸಿರಿ ಇರುವ ಮನೆಯಲ್ಲಿ
ಒಲೆಯ ಮೇಲೊಂದು ಹಂಡೆ.
ಅವಳು ಮೂರು ಸಲ ಬಡಿಯುತ್ತಾಳೆ, ಒಂದೇ ಮಾತು ಕೇಳುತ್ತಾಳೆ,
ಮನೆ ನೋಡಿ ಭಾಷೆ:
ನೀಳ್ಳು ಕಾಗಿನಾಯಾ?
ನೀರು ಕಾದೈತಾ?
ಪಾನಿ ಗರಮ್ ಹುವಾ ಕ್ಯಾ?

ನಾನು ಹುಟ್ಟಿದ ರಾತ್ರಿ ಸೌದೆ ಹಸಿಯಾಗಿತ್ತು,
ಹಂಡೆ ತಣ್ಣಗೆ ಕೂತಿತ್ತು.
ಗೂಡು ಬೇಯುತ್ತಿದ್ದ ಬೇಸಿನ್ನಿನಿಂದಲೇ
ಅಬ್ಬಾ ಬಕೆಟ್ಟು ತುಂಬಿ ತಂದರು.
ಬೆಂದ ಹುಳುವಿನ ವಾಸನೆಯ ನೀರು, ನನ್ನ ಮೊದಲ ಸ್ನಾನ.
ಹೊಕ್ಕುಳು ಕೊಯ್ದದ್ದು ಫುಫ್ಫು ಎಂದು ಎಲ್ಲರ ಲೆಕ್ಕ.
ಅಮ್ಮಿ ಒಪ್ಪುವುದಿಲ್ಲ:
ಫುಫ್ಫುವಿನ ಬೆರಳು ನೂಲು ಬಿಚ್ಚಿ ಬಿಚ್ಚಿ ಸಿಪ್ಪೆ ಎದ್ದದ್ದು,
ಗೀರಿದರೆ ಗೊತ್ತಾಗುತ್ತಿತ್ತು.
ಆ ಕೈ ನುಣುಪಾಗಿತ್ತು. ತಣ್ಣಗಿತ್ತು. ಸ್ವಲ್ಪ ನಡುಗುತ್ತಿತ್ತು.

ದೆವ್ವದ ಕೈ ಯಾಕೆ ನಡುಗಬೇಕು ಎಂದು
ನಾನು ಎಂದೂ ಕೇಳಲಿಲ್ಲ.

ಪಿಳ್ಳಪ್ಪ ತೆಂಗಿನನಾರಿನಿಂದ ಹದಿನೇಳನ್ನು ತಿಕ್ಕುತ್ತಾನೆ,
ಒಂದು ಚೊಂಬು ಸುರಿಯುತ್ತಾನೆ.
ಒದ್ದೆ ಕಲ್ಲಿನಿಂದ ಅಕ್ಷರ ಒಂದೊಂದೇ ಮೇಲೇಳುತ್ತವೆ:
ರೋಸಿನಾ. ಆಮೇಲೆ ನಾಲಗೆಗೆ ಬಾರದ ಮನೆತನ.
ಎರಡು ಇಸವಿ. ಕಳೆದು ನೋಡಿದೆ, ಮತ್ತೆ ಕಳೆದೆ.
ಇಪ್ಪತ್ತನಾಲ್ಕು.
ಕಥೆಯಲ್ಲಿ ಅವಳಿಗೆ ನರೆಗೂದಲು, ಸೊಂಟದಲ್ಲಿ ಬೀಗದ ಗೊಂಚಲು.
ನನಗೀಗ ನಲವತ್ತೊಂದು.

‘ದಫ್ತರದಲ್ಲಿ ಬರ್ದೈತೆ,’ ಅಂದ ಪಿಳ್ಳಪ್ಪ, ಚೊಂಬು ಬೋರಲು ಹಾಕಿ.
‘ಊರಿಗೆ ಬಂದು ನಾಕೇ ತಿಂಗ್ಳು.
ಮಾಡಿಸಿದ್ದು ಎರಡೇ ಹೆರಿಗೆ.
ಮೂರನೇದು ಅವಳ್ದೇ.’

ಕಲ್ಲು ಅಂಚಿನಿಂದ ಒಣಗತೊಡಗಿತು.
ಮೊದಲು ಇಸವಿ ಹೋಯಿತು, ಆಮೇಲೆ ಹೆಸರು.

ಆ ರಾತ್ರಿ ಅವಳೂ ಕೇಳಿರಬೇಕು, ತನ್ನ ಊರ ಮಾತಲ್ಲಿ,
ಒಂದು ಸಲ, ಹತ್ತು ಸಲ.
ಸುತ್ತ ನಿಂತವರು ಒಳ್ಳೆಯವರೇ ಇದ್ದಿರಬೇಕು.
ಬೈಬಲ್ ತಂದಿರಬೇಕು, ಬೀಸಣಿಗೆ ತಂದಿರಬೇಕು,
ಕಿಟಕಿ ತೆಗೆದಿರಬೇಕು, ಮುಚ್ಚಿರಬೇಕು.
ನಮ್ಮ ಮೂರೂ ಭಾಷೆ ಅವಳು ಕಲಿತದ್ದು
ಆಮೇಲೆ.

ಚೈನು ಸುತ್ತಿ ಪಿಳ್ಳಪ್ಪ ಹೊರಟ. ಐವತ್ತು ರೂಪಾಯಿ ಬೇಡವೆಂದ,
ಆಮೇಲೆ ಇಸಕೊಂಡ.

ಈ ಹೊತ್ತು ನಮ್ಮ ಮನೆಯಲ್ಲಿ ಬಸಿರಿಯರು ಯಾರೂ ಇಲ್ಲ.
ಶೆಡ್ಡಿನಲ್ಲಿ ಮೋಟಾರು ನಿಂತಿದೆ, ಬೇಸಿನ್ನು ಇನ್ನೂ ಹಬೆಯಾಡುತ್ತಿದೆ.
ಗಾಳಿಯೋ, ಚಂದ್ರಂಕಿಯೋ, ಬಾಗಿಲಿಗೆ ಏನೋ ತಾಗಿತು.
ಎಣಿಸಲಿಲ್ಲ ನಾನು.
ಕಾದಿದೆ, ಅಂದೆ.
ಬಾರೇ ತಂಗಿ, ಕಾದಿದೆ.