ಎರಡು ಬೆರಳಿನಷ್ಟು

ಸಮುದ್ರಕ್ಕಿಂತ ತಗ್ಗಿನಲ್ಲಿ ಕೂತ ಊರು ನಮ್ಮದು, ಫ್ರೀಸ್‌ಲ್ಯಾಂಡಿನದು.
ಅಪ್ಪ ಸಿಬ್ರೆನ್, ಪಂಪ್‌ಮನೆ ಕಾಯುವವನು,
ರಾತ್ರಿ ಎರಡಕ್ಕೆ ಎದ್ದು ಟಾರ್ಚು ಹಿಡಿದು
ಕಾಲುವೆಯ ಅಳತೆಪಟ್ಟಿ ಓದಿ ಬರುತ್ತಿದ್ದ.
ಎರಡು ಬೆರಳು ಏರಿದರೆ
ಕೆಸರಲ್ಲಿ ನಿಂತ ಹಸುವಿನ ಗೊರಸು ಕೊಳೆಯುತ್ತದೆ;
ಎರಡು ಬೆರಳು ಇಳಿದರೆ
ಮನೆಯಡಿಯ ಮರದ ಕಂಬಕ್ಕೆ ಗಾಳಿ ತಗಲಿ
ಗೋಡೆ ಬಿರಿಯುತ್ತದೆ.
'ನೀರು ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ ಕಣೇ,
ಎಷ್ಟು ಅನ್ನೋದೊಂದೇ ಪ್ರಶ್ನೆ' –
ಬೂಟು ಕಳಚುತ್ತಾ ಹೇಳುತ್ತಿದ್ದ.
ನಾನು ನಿದ್ದೆಗಣ್ಣಲ್ಲಿ ಹೂಂಗುಡುತ್ತಿದ್ದೆ.

ಈಗ ನನಗೂ ರಾತ್ರಿ ಎರಡು.
ಆಸ್ಪತ್ರೆಯ ಮೂರನೇ ಥಿಯೇಟರು.
ಮೇಜಿನ ಮೇಲೆ ಯಿಲ್ಡೌ, ಮೂವತ್ತೈದು ವಾರದ ಬಸುರಿ,
ಮೈಯೆಲ್ಲ ಊದಿ, ಉಂಗುರ ಬೆರಳು ಬಿಟ್ಟು
ಕೊರಳ ಸರಕ್ಕೆ ಹೋಗಿದೆ.
ಬೆನ್ನಿಗೆ ಚುಚ್ಚಿ ಆರು ನಿಮಿಷ.
ಸೊಂಟದ ಕೆಳಗೆ ಅವಳಿಗೆ ಅವಳಿಲ್ಲ.
'ವಾಕರಿಕೆ ಬರ್ತಿದೆ' ಅನ್ನುತ್ತಾಳೆ.
ರಕ್ತದೊತ್ತಡ ಎಂಬತ್ತೆಂಟು. ಎಂಬತ್ತೊಂದು.
ಕೈ ತಾನಾಗಿ ಹೋಗುತ್ತದೆ ಡ್ರಿಪ್ಪಿನ ಚಕ್ರಕ್ಕೆ:
ಬಿದ್ದ ಒತ್ತಡಕ್ಕೆ ನೀರು, ಅದು ಕೈಗೆ ಬಾಯಿಪಾಠ.

ಆದರೆ ನನಗೆ ಇನ್ನೊಬ್ಬಳ ನೆನಪಿದೆ. ಹೆಸರು ಹೇಳುವುದಿಲ್ಲ.
ಒಂದೂವರೆ ಲೀಟರು ಸುರಿದಿದ್ದೆ, ಒಳಗೆ ಇಣುಕದೆ.
ಬೆಳಗಿನ ಜಾವ ಅವಳಿಗೆ ಮಲಗಲಾಗಲಿಲ್ಲ,
ತುಟಿಯಂಚಿನಲ್ಲಿ ಗುಲಾಬಿ ನೊರೆ.
ಬದುಕಿದಳು. ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಾಳೆ.
ಅದನ್ನು ತೆರೆಯಲು ನನಗೆ ಒಂದು ದಿನ ಬೇಕು.

ಚಕ್ರ ಬಿಟ್ಟೆ. ಪ್ರೋಬಿಗೆ ಜೆಲ್ಲಿ ಹಚ್ಚಿದೆ.
ತಣ್ಣಗಿರತ್ತೆ, ಬೇಜಾರು ಮಾಡ್ಕೋಬೇಡ.
ಎಡ ಮೊಲೆಯ ಕೆಳಗೆ, ಪಕ್ಕೆಲುಬುಗಳ ಸಂದಿಯಲ್ಲಿ.
ಹಸಿರು ಬಟ್ಟೆಯಾಚೆ ಚೇರ್ಡ್ ಕತ್ತರಿ ಕೇಳುತ್ತಿದ್ದಾನೆ;
ಈಚೆ, ಬೂದು ಪರದೆಯಲ್ಲಿ,
ಒಂದು ಮುಷ್ಟಿ ತೆರೆದು ಮುಚ್ಚಿ ತೆರೆದು.
ಬತ್ತಿದ ಹೃದಯವಾದರೆ ಗೋಡೆಗೆ ಗೋಡೆ ಮುತ್ತಿಡುತ್ತದೆ.
ಇದು ಮುತ್ತಿಡಲಿಲ್ಲ.
ತುಂಬಿದೆ, ಅಂಚಿನವರೆಗೆ.
ಪಕ್ಕಕ್ಕೆ ಜಾರಿಸಿದರೆ ಶ್ವಾಸಕೋಶದಲ್ಲಿ ಎರಡು ಬಿಳಿ ಗೆರೆ,
ಮಂಜಿನಲ್ಲಿ ಎದುರು ಬರುವ ಲಾರಿಯ ದೀಪ.

ಇಳಿದದ್ದು ನೀರಲ್ಲ,
ದಂಡೆ ಸಡಿಲಾಗಿದೆ, ಅಷ್ಟೇ.
ಡ್ರಿಪ್ಪು ನಿಲ್ಲಿಸಿದೆ. ದಂಡೆ ಬಿಗಿಯುವ ಮದ್ದು,
ಸಿರಿಂಜಿನಲ್ಲಿ ಒಂದು ಗೆರೆ. ಇನ್ನೊಂದು ಗೆರೆ.
ತೊಂಬತ್ತಾರು. ನೂರಾ ಹನ್ನೆರಡು.

'ಅದು ಮಗುವಿನದಾ?'
ಯಿಲ್ಡೌ ಪರದೆಯತ್ತ ಕತ್ತು ತಿರುಗಿಸಿದ್ದಾಳೆ.
ಅಲ್ಲ, ನಿನ್ನದು.
'ಓ' ಅಂದಳು. ಸ್ವಲ್ಪ ಹೊತ್ತು ಬಿಟ್ಟು,
'ನನ್ನದನ್ನ ಯಾರೂ ತೋರಿಸೇ ಇರಲಿಲ್ಲ.'

ಎಂಟು ತಿಂಗಳು ಎಷ್ಟು ಸಲ ಜೆಲ್ಲಿ,
ಫ್ರಿಜ್ಜಿಗೆ ಅಂಟಿಸಿದ ಎಷ್ಟು ಚಿತ್ರ!

ಆಚೆ ಅಳು ಕೇಳಿತು. ಎಲ್ಲರೂ ಆ ಕಡೆ.
ನಾನು ನೋಡಲಿಲ್ಲ.
ಗರ್ಭಕೋಶ ತನ್ನನ್ನೇ ಹಿಂಡಿಕೊಂಡು
ಸಾಲ ತಂದ ರಕ್ತವನ್ನು ತಾಯಿಗೆ ಮರಳಿಸುವ ಗಳಿಗೆ ಅದು.
ಪರದೆಯಲ್ಲಿ ಹೃದಯ ಒಂದು ನೂಲಿನಷ್ಟು ಹಿಗ್ಗಿತು.
ಅಳತೆಯ ಮಾತು ಹೇಳುತ್ತಿದ್ದೇನೆ.
ಹಿಗ್ಗಿತು. ತಾಳಿಕೊಂಡಿತು.

ಪಂಪ್‌ಮನೆಗೆ ಈಗ ಕಾವಲಿಲ್ಲ, ಕಂಪ್ಯೂಟರು ಇದೆ.
ಆದರೂ ಬೆಳಿಗ್ಗೆ ಸೇತುವೆಯ ಮೇಲೆ ಸೈಕಲ್ಲು ನಿಲ್ಲಿಸಿ
ಬಗ್ಗಿ ಪಟ್ಟಿ ಓದಿದೆ.
ಸರಿಯಿತ್ತು.
ಹೆಬ್ಬೆರಳಿಗೆ ಇನ್ನೂ ಜೆಲ್ಲಿ ಅಂಟಿತ್ತು.