ಉಪ್ಪು ಕಮ್ಮಿ

ಸ್ಲೈಡು ಹದಿನೇಳು. ಅರಿಯಲೂರಿನ ಕಪ್ಪು ಜೇಡಿಕಲ್ಲು
ಆಸಿಡ್ಡಿನಲ್ಲಿ ಮೂರು ದಿನ ಕರಗಿ ಉಳಿದದ್ದು ಇಷ್ಟು:
ಜೋನಿಬೆಲ್ಲದ ಬಣ್ಣದ ಒಂದು ಚುಕ್ಕೆ,
ಮೈತುಂಬ ಮುಳ್ಳು,
ನೆತ್ತಿಯ ಹತ್ತಿರ ಒಂದು ಬಿಲ್ಲೆ ಕಳಚಿ ತೆರೆದ ಕಿಂಡಿ.

ಆ ಕಿಂಡಿಯಿಂದ ಯಾರೋ ಹೊರಟುಹೋಗಿದ್ದಾರೆ
ಏಳು ಕೋಟಿ ವರ್ಷದ ಕೆಳಗೆ,
ಬಾಗಿಲು ಮುಂದೆ ಮಾಡುವ ಗೋಜಿಗೆ ಹೋಗದೆ.

ಸಮುದ್ರ ಕಾಣದ ದಾವಣಗೆರೆಯಲ್ಲಿ, ಫ್ಯಾನು ನಿಲ್ಲಿಸಿ,
ನಾನು ಬರೆದುಕೊಳ್ಳುತ್ತೇನೆ:
ಅಗಲ ಅರವತ್ತೆರಡು ಮೈಕ್ರಾನ್. ಗೋಡೆ ಎರಡು ಪದರ.
ನಡುವಿಗೆ ಉಡಿದಾರ ಬಿಗಿದ ಗುರುತಿನಂಥ ಗೀರು.
ಮುಳ್ಳು ಉದ್ದ, ತುದಿ ಕವಲು: ಇದು ಹಳೆಯ ಪ್ರಭೇದ,
ಎಂದೋ ಯಾರೋ ಹೆಸರಿಟ್ಟಾಗಿದೆ.
ಮುಳ್ಳು ಮೊಟಕು, ತುದಿ ಮೊಂಡು: ಇದು ಹೊಸದು.
ಇದಕ್ಕೆ ತೀರಿಕೊಂಡ ನಮ್ಮ ರುದ್ರಮುನಿ ಮೇಷ್ಟ್ರ ಹೆಸರು.
ಬಾಲಕ್ಕೊಂದು ‘ಐ’ ಅಂಟಿಸಿ, ಲ್ಯಾಟಿನ್ ಮಾಡಿ
ಎರಡು ವರ್ಷದಿಂದ ಎತ್ತಿಟ್ಟಿದ್ದೇನೆ,
ಹುಟ್ಟದ ಮಗುವಿಗೆ ಹೊಲಿಸಿದ ಕುಲಾವಿಯ ಹಾಗೆ.

ಜರಡಿ ತೊಳೆಯುತ್ತಿದ್ದ ಜಬೀನಾ ಕೈ ಒರೆಸಿಕೊಂಡು ಬಂದು
ಒಂದು ಕಣ್ಣು ಮುಚ್ಚಿ, ಬಗ್ಗಿ ನೋಡಿದಳು.
ಅವಳ ಮನೆಯವರದು ಮಂಡಕ್ಕಿ ಭಟ್ಟಿ;
ಹದಿನೈದು ಮೈಕ್ರಾನಿನ ಜಾಲರಿಯನ್ನೂ
ಮೊರದ ಹಾಗೆಯೇ ತಟ್ಟುತ್ತಾಳೆ.
“ಇವು ಎರಡು ಜಾತಿ ಅಲ್ರಿ ಮೇಡಂ.
ಅಕ್ಕಿಗೆ ಉಪ್ಪು ಕಮ್ಮಿ ಬಿದ್ರ ಹಿಂಗ ಆಗ್ತತಿ,
ಪೂರಾ ಅರಳೂದಿಲ್ಲ. ಅಕ್ಕಿ ಒಂದ ಇರ್ತತಿ.”

ನಕ್ಕೆ. ಆಮೇಲೆ ನಗಲಿಲ್ಲ.
ನದಿಯ ಸಿಹಿನೀರು ನುಗ್ಗಿದ ಕಡಲಿನಲ್ಲಿ
ಮುಳ್ಳು ಗಿಡ್ಡಾಗುತ್ತದೆಂದು ಪಾಠ ಮಾಡಿದವಳು ನಾನೇ.

ರಾತ್ರಿ ಎಂಟರವರೆಗೆ ಅಳೆದೆ, ನಲವತ್ತು.
ಹನ್ನೆರಡು, ಹನ್ನೊಂದು, ಹತ್ತೂವರೆ, ಹತ್ತು, ಒಂಬತ್ತು...
ಗೆರೆ ಎಳೆಯೋಣವೆಂದರೆ ಪೆನ್ಸಿಲ್ಲಿನ ಮೊನೆ ಊರಲು
ಎಲ್ಲೂ ಸಂದಿಲ್ಲ.

ಮೇಷ್ಟ್ರ ಹೆಸರನ್ನು ಹೊಡೆದುಹಾಕಿದೆ.
ಅವರಿದ್ದಿದ್ದರೆ ಮೊದಲೇ ಹೊಡೆಯುತ್ತಿದ್ದರು,
ಕೆಂಪು ಶಾಯಿಯಲ್ಲಿ, ಕಾಗದ ಹರಿಯುವ ಹಾಗೆ.
ಷರಾ ಬರೆದೆ: ಮುಳ್ಳಿನ ಉದ್ದ, ನೀರಿನ ಉಪ್ಪು ಇದ್ದಂತೆ.
ಹೀಗೆಂದು ಹೇಳಿದವರು ಯಾರು ಎಂಬಲ್ಲಿ
ಜಬೀನಾಳ ಮನೆಹೆಸರು ಕೇಳಿಯೇ ಇಲ್ಲವಲ್ಲ
ಎಂದು ಹೊಳೆದು, ಜಾಗ ಬಿಟ್ಟೆ.

ನಲವತ್ತೊಂದನೆಯದು ಆಗ ಸಿಕ್ಕಿತು,
ಅಂಚಿನಲ್ಲಿ, ಅಂಟಿನ ಗುಳ್ಳೆಯ ಪಕ್ಕ.
ಬಿಲ್ಲೆ ಕಳಚಿಲ್ಲ. ಕಿಂಡಿಯಿಲ್ಲ. ಒಳಗೊಂದು ಕಂದು ಕರೆ.
ಭಟ್ಟಿಯ ಉಸುಕಿನಲ್ಲಿ ತಳಕ್ಕುಳಿದ ಗಟ್ಟಿಕಾಳು.
ಇದನ್ನು ಯಾವ ಅಂಕಣಕ್ಕೆ ಹಾಕಲಿ?
ಬೆಳಕು ತಗ್ಗಿಸಿ, ಫೋಕಸ್ಸನ್ನು ಮೆಲ್ಲಗೆ ಇಳಿಸಿದೆ,
ನಿದ್ದೆ ಕೆಡಿಸಬಾರದೆಂಬಂತೆ.